ಹೊಲದಿಂದ ಮಗ್ಗಕ್ಕೆ ಒಂದು ದಿನದ ದಾರಿ, ಹತ್ತಿಗೆ ನೂರಾರು ಮೈಲಿ

ಗದಗ ತಾಲ್ಲೂಕಿನ ಅಂತೂರ-ಬೆಂತೂರಿನ ಎರೆ ಹೊಲದಲ್ಲಿ ಬಿಡಿಸಿದ ಹತ್ತಿ, ಅದೇ ತಾಲ್ಲೂಕಿನ ಬೆಟಗೇರಿಯ ಕೈಮಗ್ಗವನ್ನು ಸೇರಲು ಎಷ್ಟು ದೂರ ಸಾಗಬೇಕು? ದಾರಿಯ ಲೆಕ್ಕದಲ್ಲಿ ಚಕ್ಕಡಿ ಹೂಡಿಕೊಂಡು ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದು. ವ್ಯಾಪಾರದ ಲೆಕ್ಕ ಬೇರೆ. ಮಾರುಕಟ್ಟೆಯ ಅಡತಿ ಅಂಗಡಿ, ಜಿನ್ನಿಂಗ್ ಕಾರ್ಖಾನೆ, ಬೇಲು ಕಟ್ಟುವ ಪ್ರೆಸ್, ಅರಳೆ ವ್ಯಾಪಾರಿ, ಬಹುತೇಕ ಹೊರ ರಾಜ್ಯದ ನೂಲಿನ ಗಿರಣಿ, ಅಲ್ಲಿಂದ ನೂಲಿನ ಸಗಟು ವ್ಯಾಪಾರಿ, ಕೊನೆಗೆ ಮಾಸ್ಟರ್ ನೇಕಾರ. ಇಷ್ಟು ಕೈ ದಾಟಿ ಬೆಟಗೇರಿಗೆ ಬಂದಿಳಿಯುವ ನೂಲಿನಲ್ಲಿ ಅಂತೂರಿನ ಹತ್ತಿಯ ಎಳೆ ಒಂದಾದರೂ ಇದೆಯೇ ಎಂಬುದನ್ನು ಯಾರೂ ಹೇಳಲಾರರು.

ಅಭಿವೃದ್ಧಿಶೀಲ ದೇಶಗಳ ಸಣ್ಣ ಉತ್ಪಾದಕರು ಪೂರೈಕೆ ಸರಪಳಿಯೊಂದಿಗೆ ಬೆಸೆದುಕೊಳ್ಳಬೇಕು ಎಂಬುದು ಸರ್ಕಾರಿ ವರದಿಗಳಲ್ಲಿಯೂ ಉದ್ಯಮಿಗಳ ಸಮಾವೇಶಗಳಲ್ಲಿಯೂ ಪದೇ ಪದೇ ಕೇಳಿಬರುವ ಮಾತು. ರಸ್ತೆ, ಗೋದಾಮು, ಗಣಕೀಕೃತ ಲೆಕ್ಕಪತ್ರ ಇವಿಷ್ಟು ಒದಗಿದರೆ ಬೆಸುಗೆ ತಾನಾಗಿಯೇ ಆಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಆದರೆ ಗದಗ ಸೀಮೆಯ ಹತ್ತಿಯ ಕಥೆ ಈ ನಂಬಿಕೆಯನ್ನು ಸಮರ್ಥಿಸುವುದಿಲ್ಲ. ಇಲ್ಲಿಯ ರೈತನೂ ನೇಕಾರನೂ ಸರಪಳಿಯಿಂದ ಹೊರಗೆ ಉಳಿದವರಲ್ಲ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಅದರೊಳಗೇ ಇದ್ದಾರೆ. ಕೊರತೆ ಇರುವುದು ಬೆಸುಗೆಯಲ್ಲಲ್ಲ, ಬೆಸುಗೆಯ ಷರತ್ತುಗಳಲ್ಲಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಗೆ ಮುಂಬಯಿ ಮತ್ತು ಲಿವರ್‌ಪೂಲ್ ಪೇಟೆಗಳಲ್ಲಿದ್ದ ಹೆಸರು 'ಕುಮಟಾ'. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಹೇರೆತ್ತುಗಳ ಬೆನ್ನೇರಿ ಘಟ್ಟ ಇಳಿದ ಅರಳೆ ಆ ಬಂದರಿನಿಂದ ಹಡಗು ಹತ್ತುತ್ತಿತ್ತು, ಅಷ್ಟೆ. ಬೆಳೆದ ಊರಿನ ಹೆಸರು ಅಳಿದು ಸಾಗಿಸಿದ ಊರಿನ ಹೆಸರು ಉಳಿಯಿತು. 1884ರಲ್ಲಿ ಗದಗಕ್ಕೆ ರೈಲು ಬಂದು ಕುಮಟೆಯ ಬಂದರು ಸೊರಗಿದ ಮೇಲೂ ವ್ಯಾಪಾರಿಗಳ ಬಾಯಲ್ಲಿ ಆ ಹೆಸರು ಅಳಿಯಲಿಲ್ಲ. 1840ರ ದಶಕದಿಂದ ಇದೇ ಭಾಗದಲ್ಲಿ ಅಮೆರಿಕದ ತಳಿಯನ್ನು ಬೆಳೆಸುವ ಪ್ರಯತ್ನ ನಡೆದು, 'ಧಾರವಾಡ-ಅಮೆರಿಕನ್' ಎಂಬ ಇನ್ನೊಂದು ಬಗೆಯೂ ಪೇಟೆಗೆ ಬಂದಿತ್ತು. ಅಮೆರಿಕದ ಅಂತರ್ಯುದ್ಧದಿಂದಾಗಿ (1861-65) ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಸಾಲದಾದಾಗ ಇಲ್ಲಿಯ ಅರಳೆಗೆ ಚಿನ್ನದ ಬೆಲೆ ಬಂದಿತು. ಅದರ ಬೆನ್ನಲ್ಲೇ ಬೆರಕೆಯ ದೂರೂ ಬಂದಿತು.

ದೂರಿಗೆ ಉತ್ತರವಾಗಿ ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ಮೋಸ ತಡೆಯುವ ಕಾಯಿದೆಯನ್ನು ತಂದಿತು. ಹತ್ತಿಯನ್ನು ಪರೀಕ್ಷಿಸಲು ಇನ್‌ಸ್ಪೆಕ್ಟರುಗಳು ನೇಮಕಗೊಂಡರು. ಕಲಬೆರಕೆ ನಡೆಯುತ್ತಿತ್ತೆಂಬುದು ಸುಳ್ಳಲ್ಲ. ಆದರೆ ಅಪ್ಪಟ ಹತ್ತಿಗೂ ಬೆರಕೆ ಹತ್ತಿಗೂ ಹಳ್ಳಿಯ ಮಟ್ಟದಲ್ಲಿ ಒಂದೇ ದರ ಹೇಳುವ ವ್ಯಾಪಾರದಲ್ಲಿ ರೈತ ಬೇರೆ ಬೇರೆಯಾಗಿ ಬಿಡಿಸಿ, ಬೇರೆ ಬೇರೆಯಾಗಿ ಇಟ್ಟು, ಬೇರೆ ಬೇರೆಯಾಗಿ ತಂದರೆ ಅವನಿಗೆ ಲಾಭವೇನು? ಶುದ್ಧತೆಯ ಹೊಣೆಯನ್ನು ಕೆಳಗಿನವರ ಮೇಲೆ ಹೊರಿಸಿ ಅದರ ಬೆಲೆಯನ್ನು ಮೇಲಿನವರು ಇಟ್ಟುಕೊಳ್ಳುವ ಏರ್ಪಾಡು ಅಂದಿನಿಂದಲೇ ಇದೆ.

ಈ ಹಳೆಯ ಸಂಗತಿಯನ್ನು ಇಲ್ಲಿ ಎತ್ತಲು ಕಾರಣವಿದೆ. 2021ರ ಡಿಸೆಂಬರಿನಲ್ಲಿ ಅಮೆರಿಕ ಒಂದು ಕಾಯಿದೆ ಮಾಡಿ, ಚೀನಾದ ಷಿನ್‌ಜಿಯಾಂಗ್ ಪ್ರಾಂತದ ಸರಕನ್ನು ಬಲವಂತದ ದುಡಿಮೆಯ ಫಲವೆಂದೇ ಭಾವಿಸಿ ತಡೆಯಲು ನಿರ್ಧರಿಸಿತು; 2022ರ ಜೂನ್‌ನಿಂದ ಅದು ಜಾರಿಗೆ ಬಂದಿತು. ಉದ್ದೇಶವನ್ನು ಆಕ್ಷೇಪಿಸುವಂತಿಲ್ಲ. ಪರಿಣಾಮ ಮಾತ್ರ ಚೀನಾಕ್ಕೆ ಸೀಮಿತವಾಗಲಿಲ್ಲ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯೊಂದು ಅಮೆರಿಕಕ್ಕೆ ಅಂಗಿ ಕಳುಹಿಸಬೇಕಾದರೆ ಆ ಅಂಗಿಯ ಹತ್ತಿ ಎಲ್ಲಿಯದು ಎಂಬುದಕ್ಕೆ ಕಾಗದ ತೋರಿಸಲು ಸಿದ್ಧವಿರಬೇಕಾಯಿತು. ಕಾರ್ಖಾನೆ ಬಟ್ಟೆಯ ಗಿರಣಿಯನ್ನು ಕೇಳುತ್ತದೆ, ಗಿರಣಿ ನೂಲಿನವನನ್ನು, ನೂಲಿನವನು ಜಿನ್ನಿಂಗ್ ಮಾಲೀಕನನ್ನು. ಜಿನ್ನಿಂಗ್ ಅಂಗಳದ ರಾಶಿಯಲ್ಲಿ ಒಂದೇ ದಿನ ಹತ್ತಾರು ಊರುಗಳ ಹತ್ತಿ ಬಿದ್ದಿರುತ್ತದೆ. ಲಕ್ಷ್ಮೇಶ್ವರದ್ದು ಇದು, ಮುಂಡರಗಿಯದು ಅದು ಎಂದು ವಿಂಗಡಿಸಿ ಇಡಬೇಕಾದರೆ ಜಾಗ ಬೇಕು, ಆಳು ಬೇಕು, ರಾಶಿ ತುಂಬುವವರೆಗೆ ಯಂತ್ರ ನಿಲ್ಲಿಸಬೇಕು. ಕೇಂದ್ರ ಸರ್ಕಾರ ಆರಂಭಿಸಿದ 'ಕಸ್ತೂರಿ ಕಾಟನ್ ಭಾರತ್' ಯೋಜನೆ ಬೇಲಿಗೆ ಗುರುತಿನ ಚೀಟಿ ಅಂಟಿಸಿ ಅದರ ಜಾಡು ಹಿಡಿಯಲು ಹೊರಟಿದೆ. ಬೇಲಿನ ನಂತರದ ಜಾಡು ಸುಲಭ. ಬೇಲಿಗೆ ಮುಂಚಿನದೇ ಕಷ್ಟ. ಆ ಕಷ್ಟಕ್ಕೆ ಕ್ವಿಂಟಲಿಗೆ ಇಷ್ಟು ಎಂದು ಕೊಡುವವರು ಯಾರು ಎಂಬ 1863ರ ಪ್ರಶ್ನೆ ಹಾಗೆಯೇ ನಿಂತಿದೆ.

ಹೊಲದಿಂದ ಮುಂದಿನ ಕೊಂಡಿ ನೂಲು. ಗದಗ ಸೀಮೆಯ ಎರೆ ಭೂಮಿಗೆ ಒಗ್ಗಿದ ಜವಾರಿ ಹತ್ತಿಯ ವಂಶದಲ್ಲಿ ಬಂದ ತಳಿ ಜಯಧರ. ಮುಂಗಾರಿನ ಕೊನೆಗೆ ಬಿತ್ತಿದರೆ ನೆಲದ ತೇವದ ಮೇಲೆಯೇ ಬದುಕಿ ಬೇಸಿಗೆಯ ಬಾಗಿಲಲ್ಲಿ ಕಾಯಿ ಒಡೆಯುವ ಈ ಹತ್ತಿಗೆ ಖರ್ಚು ಕಡಿಮೆ. ಎಳೆ ಮಾತ್ರ ಗಿಡ್ಡ. ಇಂದಿನ ಗಿರಣಿಗಳ ಯಂತ್ರಗಳಿಗೆ ಬೇಕಾದುದು 28-30 ಮಿಲಿಮೀಟರ್‌ನ ಎಳೆ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿ ಅವರು ರೂಪಿಸಿದ, 1972ರಲ್ಲಿ ಹೊರಬಂದ ವರಲಕ್ಷ್ಮಿ, ಅನಂತರ 1981ರ ಡಿಸಿಎಚ್-32 ತಳಿಗಳು ನೀಳ ಎಳೆಯ ಹತ್ತಿಯನ್ನು ಕೊಟ್ಟು ರಾಜ್ಯಕ್ಕೆ ಕೀರ್ತಿ ತಂದವು. ಅದು ವಿಜ್ಞಾನದ ಸಾಧನೆಯೇ ಸರಿ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ದೇಶದ ಹತ್ತಿ ಹೊಲಗಳಲ್ಲಿ ಬಹುಪಾಲು ಅದರ ಪಾಲಾಯಿತು. ಗಿರಣಿಯ ಯಂತ್ರ ಹೊಲದ ಬೀಜವನ್ನೇ ಬದಲಿಸಿತು ಎಂದರೆ ತಪ್ಪಾಗದು. ದಪ್ಪ ನೂಲಿನ ಗಟ್ಟಿ ಬಟ್ಟೆ ನೇಯುವ ಮಗ್ಗಕ್ಕೆ ಗಿಡ್ಡ ಎಳೆಯೇ ಸಾಕಾಗಿತ್ತೆಂಬುದು ಯಾರ ಯೋಜನೆಯಲ್ಲಿಯೂ ಲೆಕ್ಕಕ್ಕೆ ಬರಲಿಲ್ಲ.

ಕೈಮಗ್ಗಕ್ಕೆ ನೂಲು ಲಡಿಯ ರೂಪದಲ್ಲಿ ಬೇಕು. ಲಡಿಯಾದರೆ ಮನೆಯಲ್ಲಿ ಬಣ್ಣ ಹಾಕಬಹುದು, ಗಂಜಿ ಕೊಟ್ಟು ಹಾಸು ಹೂಡಬಹುದು. ಗಿರಣಿಗೆ ಕೋನ್ ಸುತ್ತುವುದು ಸಲೀಸು, ಲಡಿ ಸುತ್ತುವುದು ಹೆಚ್ಚುವರಿ ಕೆಲಸ. ಆದ್ದರಿಂದ ದೇಶದೊಳಗಿನ ಬಳಕೆಗೆ ಮಾರುವ ನೂಲಿನಲ್ಲಿ ಇಂತಿಷ್ಟು ಭಾಗ ಲಡಿಯಾಗಿಯೇ ಇರಬೇಕೆಂದು ಸರ್ಕಾರ ಕಡ್ಡಾಯ ಮಾಡಿದೆ. ಮೊದಲು ಶೇ 50 ಇದ್ದ ಆ ಪ್ರಮಾಣ 2003ರಲ್ಲಿ ಶೇ 40ಕ್ಕೆ, 2019ರಲ್ಲಿ ಶೇ 30ಕ್ಕೆ ಇಳಿಯಿತು. ಕೈಮಗ್ಗಗಳೇ ಕಡಿಮೆಯಾಗಿರುವಾಗ ಅಷ್ಟೊಂದು ಲಡಿ ಯಾರಿಗೆ ಎಂಬುದು ಗಿರಣಿಗಳ ವಾದ. ಅದರಲ್ಲಿ ಹುರುಳಿಲ್ಲದಿಲ್ಲ: 2009-10ರ ಕೈಮಗ್ಗ ಗಣತಿಯಲ್ಲಿ 43.31 ಲಕ್ಷ ಇದ್ದ ನೇಕಾರರು ಮತ್ತು ಪೂರಕ ಕೆಲಸಗಾರರ ಸಂಖ್ಯೆ 2019-20ರಲ್ಲಿ 35.22 ಲಕ್ಷಕ್ಕೆ ಕುಸಿದಿತ್ತು. ಆದರೆ ಲಡಿ ಸಿಗದೆ ಮಗ್ಗ ನಿಂತಿತೋ, ಮಗ್ಗ ನಿಂತು ಲಡಿ ಬೇಡವಾಯಿತೋ? ರಾಷ್ಟ್ರೀಯ ಕೈಮಗ್ಗ ಅಭಿವೃದ್ಧಿ ನಿಗಮದ ಮೂಲಕ ಹತ್ತಿಯ ಲಡಿ ನೂಲಿಗೆ ಶೇ 15ರ ರಿಯಾಯಿತಿ ನೀಡುವ ಯೋಜನೆ 2021-22ರಲ್ಲಿ ಬಂದಿತು. 2022ರ ಮೇ ತಿಂಗಳಲ್ಲಿ ಒಂದು ಖಂಡಿ, ಎಂದರೆ 356 ಕಿಲೊ ಅರಳೆಯ ಬೆಲೆ ಒಂದು ಲಕ್ಷ ರೂಪಾಯಿ ದಾಟಿ, ವರ್ಷದ ಹಿಂದಿನ ದರದ ಸುಮಾರು ಎರಡು ಪಟ್ಟಾದಾಗ ಶೇ 15 ಯಾವ ಮೂಲೆಗೆ? 2021ರ ಫೆಬ್ರುವರಿಯಲ್ಲಿ ಹೇರಿದ್ದ ಹತ್ತಿಯ ಆಮದು ಸುಂಕವನ್ನು ಆಗ ಕೆಲಕಾಲ ತೆಗೆಯಲಾಯಿತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು ಏರಿಸಿದ ಹೊತ್ತಿಗೆ ಮತ್ತೊಮ್ಮೆ ತೆಗೆದು ಡಿಸೆಂಬರ್‌ವರೆಗೆ ವಿಸ್ತರಿಸಲಾಯಿತು. ಗಿರಣಿ ಮತ್ತು ಉಡುಪು ಕಾರ್ಖಾನೆಗಳಿಗೆ ಅದು ಸಮಾಧಾನ. ಅದೇ ಋತುವಿನಲ್ಲಿ ಕಾಯಿ ಒಡೆಯಲು ಕಾದಿದ್ದ ಹೊಲದವನಿಗೆ ಅದು ಸಮಾಧಾನವಾಗುವುದು ಹೇಗೆ?

ಇನ್ನು ಮಗ್ಗದ ಮನೆ. ಬೆಟಗೇರಿಯಲ್ಲಾಗಲಿ ಗಜೇಂದ್ರಗಡದಲ್ಲಾಗಲಿ ಹೆಚ್ಚಿನ ನೇಕಾರರು ನೂಲು ಕೊಂಡು ಬಟ್ಟೆ ಮಾರುವವರಲ್ಲ. ಮಾಸ್ಟರ್ ನೇಕಾರ ನೂಲು ಕೊಡುತ್ತಾನೆ, ನೇಯ್ದ ಬಟ್ಟೆಯನ್ನು ಒಯ್ಯುತ್ತಾನೆ, ತುಂಡಿಗೆ ಇಷ್ಟೆಂದು ಕೂಲಿ ಕೊಡುತ್ತಾನೆ. ಮನೆಯಲ್ಲಿ ಮದುವೆ, ಕಾಯಿಲೆ ಬಂದರೆ ಮುಂಗಡವೂ ಅವನಿಂದಲೇ. ಅವನನ್ನು ಖಳನಾಗಿ ಚಿತ್ರಿಸುವುದು ಭಾಷಣಗಳಲ್ಲಿ ಸುಲಭ. ಹಬ್ಬದ ಹಂಗಾಮಿನವರೆಗೆ ಬಟ್ಟೆಯನ್ನು ದಾಸ್ತಾನಿಟ್ಟುಕೊಂಡು, ದೂರದ ಪೇಟೆಯ ಉದ್ರಿಯನ್ನು ತಾಳಿಕೊಳ್ಳುವ ಜೋಖಿಮು ಅವನದೇ ಎಂಬುದನ್ನೂ ಒಪ್ಪಬೇಕು. ಬ್ಯಾಂಕೂ ಸಹಕಾರ ಸಂಘವೂ ಮಾಡಬೇಕಿದ್ದ ಕೆಲಸವನ್ನು ಅವನು ತನ್ನ ದರದಲ್ಲಿ ಮಾಡುತ್ತಾನೆ. ನೂಲು ತುಟ್ಟಿಯಾದಾಗ ಅವನು ಹಾಸು ಕೊಡುವುದನ್ನು ಕಡಿಮೆ ಮಾಡುತ್ತಾನೆ. ಮಗ್ಗ ಖಾಲಿ ನಿಂತ ದಿನಗಳಿಗೆ ಕೂಲಿ ಇಲ್ಲ. ಸರಪಳಿಯ ಮೇಲಿನ ತುದಿಯಲ್ಲಿ ಬೆಲೆ ಅಲುಗಾಡಿದಾಗಲೆಲ್ಲ ಈ ಕೆಳಗಿನ ಮನೆಯಲ್ಲಿ ದಿನಗಳು ಕಳೆದುಹೋಗುತ್ತವೆ.

ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಸಲ್ಲಬೇಕೆಂದು 2006ರ ಕಾಯಿದೆ ಹೇಳುತ್ತದೆ. ಅದನ್ನು ಪಾಲಿಸದ ಕೊಳ್ಳುಗನಿಗೆ ಆ ವರ್ಷದ ಆದಾಯ ತೆರಿಗೆಯಲ್ಲಿ ಆ ವೆಚ್ಚದ ವಿನಾಯಿತಿ ಇಲ್ಲವೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಾದಾಗ ಜವಳಿ ಪೇಟೆಗಳಲ್ಲಿ ಗದ್ದಲವೇ ಎದ್ದಿತು. ನೋಂದಾಯಿತ ಸಣ್ಣವರನ್ನು ಬಿಟ್ಟು ನೋಂದಣಿಯಿಲ್ಲದವರಿಂದ ಕೊಳ್ಳುವ ಚಾಳಿ ಬೆಳೆದೀತೆಂಬ ಆತಂಕವನ್ನು ವ್ಯಾಪಾರಿಗಳೇ ತೋಡಿಕೊಂಡರು. ಕೂಲಿ ನೇಕಾರನಿಗೆ ಈ ಗದ್ದಲ ತಟ್ಟಲೇ ಇಲ್ಲ. ಮಗ್ಗ ಅವನದು, ಮನೆ ಅವನದು, ಕೌಶಲ ಅವನದು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅವನು ಮಾರಾಟಗಾರನಲ್ಲ. ಉತ್ಪಾದಕನಿಗೆಂದು ಮಾಡಿದ ಕಾಯಿದೆಗೆ ಈ ಉತ್ಪಾದಕ ಕಾಣಿಸುವುದಿಲ್ಲ.

ನಿಯಮದ ಆಸರೆಯಲ್ಲಿ ಆದಿಯಿಂದ ಅಂತ್ಯದವರೆಗೆ ಕಟ್ಟಿದ ಸರಪಳಿಯ ಉದಾಹರಣೆಯೂ ಇದೇ ಭಾಗದಲ್ಲಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಸ್ಥಾಪನೆಯಾದುದು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿ, ಬೆಂಗೇರಿಯಲ್ಲಿ ಬಣ್ಣ, ಚಕ್ರದ ಅಚ್ಚು, ಹೊಲಿಗೆ: ಹೀಗೆ ರಾಷ್ಟ್ರಧ್ವಜ ಸಿದ್ಧವಾಗುತ್ತದೆ. ನೂಲಿನ ಎಣಿಕೆಯಿಂದ ಬಣ್ಣದ ಗಟ್ಟಿತನದವರೆಗೆ ಪ್ರತಿಯೊಂದೂ ಭಾರತೀಯ ಮಾನಕ ಸಂಸ್ಥೆಯ ಅಳತೆಗೆ ಸರಿಹೊಂದಬೇಕು. ಹಲವು ವರ್ಷ ದೇಶದಲ್ಲಿ ಆ ಪರವಾನಗಿ ಪಡೆದ ಏಕೈಕ ಘಟಕವೆಂಬ ಹೆಮ್ಮೆ ಅದರದಾಗಿತ್ತು. ಪೂರೈಕೆ ಸರಪಳಿಯ ಪಂಡಿತರು ಬಯಸುವುದೆಲ್ಲ ಇಲ್ಲಿತ್ತು: ಗುಣಮಟ್ಟ, ಜಾಡು, ಒಂದೇ ಸೂರಿನ ನಿಗಾ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ಮಾಡಿದ ತಿದ್ದುಪಡಿ ಪಾಲಿಯೆಸ್ಟರ್ ಧ್ವಜಕ್ಕೂ ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ದಾರಿ ಬಿಟ್ಟಿತು. ಮರುವರ್ಷ 'ಹರ್ ಘರ್ ತಿರಂಗಾ' ಅಭಿಯಾನದಲ್ಲಿ ಕೋಟಿಗಟ್ಟಲೆ ಧ್ವಜಗಳಿಗೆ ಬೇಡಿಕೆ ಬಂದಾಗ ಬೆಂಗೇರಿಯಿಂದ ಕೇಳಿದ್ದು ಪ್ರತಿಭಟನೆಯ ದನಿ. ಅಗ್ಗದ ಧ್ವಜ ಎಲ್ಲರ ಮನೆಗೂ ತಲುಪಲಿ ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಒಂದೇ ಬಗೆಯ ಸರಕು, ಒಂದೇ ನಿಯಮ ನಂಬಿ ನೂಲುವ ಮತ್ತು ನೇಯುವ ಕೈಗಳನ್ನು ಬೆಸೆದ ಮೇಲೆ ಆ ನಿಯಮ ಸಡಿಲಿಸುವಾಗ ಅವರಿಗೊಂದು ಕಾಲಾವಕಾಶವನ್ನಾದರೂ ಕೊಡಬೇಕಿತ್ತು.

ಸಹಕಾರದ ದಾರಿ ಗದಗಿಗೆ ಹೊಸತಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಇದೇ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಹತ್ತಿ ಬೆಳೆದವನೇ ನೂಲಿನ ಗಿರಣಿಯ ಒಡೆಯನಾಗಲಿ ಎಂಬ ಆಶಯದಿಂದ ಕೆ.ಎಚ್. ಪಾಟೀಲರು ಹುಲಕೋಟಿಯಲ್ಲಿ ಸಹಕಾರಿ ಗಿರಣಿ ಕಟ್ಟಿದರು. ಆದರೆ ರಾಜ್ಯದ ಸಹಕಾರಿ ಗಿರಣಿಗಳಲ್ಲಿ ಹಲವು ಕಾಲಾಂತರದಲ್ಲಿ ನಷ್ಟಕ್ಕೆ ಸಿಲುಕಿದವು. ಆಡಳಿತದ ದೋಷಗಳನ್ನು ಎಲ್ಲರೂ ಎತ್ತಿ ಆಡುತ್ತಾರೆ. ಹೆಚ್ಚು ಮೂಲಭೂತವಾದ ತೊಡಕು ಹಣದ್ದು. ಹತ್ತಿಯ ಆವಕ ವರ್ಷದಲ್ಲಿ ಕೆಲವೇ ತಿಂಗಳು. ಮಗ್ಗಕ್ಕೆ ನೂಲು ಹನ್ನೆರಡೂ ತಿಂಗಳು. ಹಂಗಾಮಿನಲ್ಲಿ ರೊಕ್ಕ ಎಣಿಸಿ ಹತ್ತಿ ತುಂಬಿಟ್ಟುಕೊಳ್ಳುವ ತಾಕತ್ತಿದ್ದವನು ದರ ಇಳಿದಾಗ ಕೊಳ್ಳುತ್ತಾನೆ. ಆ ತಾಕತ್ತಿಲ್ಲದ ಗಿರಣಿ ವಾರಕ್ಕೊಮ್ಮೆ ಪೇಟೆಯ ದರಕ್ಕೆ ಕೊಂಡು, ಬಡ್ಡಿ ಕಟ್ಟಿ, ನೂಲು ಅಗ್ಗವಾದ ದಿನ ಮಾರುತ್ತದೆ.

2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಏಳು ಬೃಹತ್ ಜವಳಿ ಪಾರ್ಕ್‌ಗಳಲ್ಲಿ ಒಂದು ಕಲಬುರಗಿಯ ಪಾಲಿಗೆ ಬಂದಿದೆ. ಹೊಲದಿಂದ ಎಳೆ, ಎಳೆಯಿಂದ ಕಾರ್ಖಾನೆ, ಕಾರ್ಖಾನೆಯಿಂದ ಫ್ಯಾಷನ್, ಅಲ್ಲಿಂದ ವಿದೇಶ ಎಂಬುದು ಅದರ ಘೋಷವಾಕ್ಯ. ನೂಲುವುದರಿಂದ ಹೊಲಿಯುವುದರವರೆಗೆ ಒಂದೇ ಆವರಣದಲ್ಲಿ ಬಂದರೆ ಸಾಗಣೆಯ ಖರ್ಚು ಉಳಿಯುವುದು ನಿಜ, ಉತ್ತರ ಕರ್ನಾಟಕಕ್ಕೆ ಉದ್ಯೋಗ ಬೇಕೆಂಬುದೂ ನಿಜ. ಆ ಆವರಣದಲ್ಲಿ ಬೆಟಗೇರಿಯ ಮಗ್ಗಕ್ಕೆ, ಜಯಧರದ ಗಿಡ್ಡ ಎಳೆಗೆ ಜಾಗ ಹುಡುಕುವುದು ಕಷ್ಟ. ನೆರೆಯ ತೆಲಂಗಾಣ ಮತ್ತು ಆಂಧ್ರಗಳಲ್ಲಿ 'ಮಲ್ಖಾ' ಎಂಬ ಪ್ರಯತ್ನ ಬೇರೊಂದು ದಾರಿ ಹಿಡಿಯಿತು. ಅರಳೆಯನ್ನು ಬಿಗಿದು ಬೇಲು ಕಟ್ಟದೆ, ಹತ್ತಿ ಬೆಳೆಯುವ ಪ್ರದೇಶದಲ್ಲೇ ಸಣ್ಣ ಯಂತ್ರಗಳಲ್ಲಿ ನೂತು, ಹತ್ತಿರದ ಕೈಮಗ್ಗಕ್ಕೆ ಕೊಡುವ ವ್ಯವಸ್ಥೆ ಅದು. ಅದರ ಪ್ರಮಾಣ ಚಿಕ್ಕದು, ಬಟ್ಟೆಯ ಬೆಲೆ ಗಿರಣಿ ಬಟ್ಟೆಗಿಂತ ಹೆಚ್ಚು. ಗದಗಿನಲ್ಲಿ ಅಂಥದೊಂದು ಘಟಕ ಆರಂಭವಾಗಬೇಕಾದರೆ ಯಂತ್ರದ ಸಬ್ಸಿಡಿಗಿಂತ ಮೊದಲು ಬೇಕಾದುದು ಹಂಗಾಮಿನ ಹತ್ತಿಯನ್ನು ಮುಂದಿನ ಹಂಗಾಮಿನವರೆಗೆ ಹಿಡಿದಿಟ್ಟುಕೊಳ್ಳುವಷ್ಟು ಅಗ್ಗದ ಬಡ್ಡಿಯ ದುಡಿಯುವ ಬಂಡವಾಳ. ಜವಳಿ ಇಲಾಖೆ ಯಂತ್ರಕ್ಕೆ ಹಣ ಕೊಡುತ್ತದೆ, ಸಹಕಾರ ಇಲಾಖೆ ಬೆಳೆ ಸಾಲ ಕೊಡುತ್ತದೆ. ಹೊಲಕ್ಕೂ ಮಗ್ಗಕ್ಕೂ ನಡುವಿನ ಈ ಎಂಟು-ಹತ್ತು ತಿಂಗಳು ಎರಡರ ಕಡತಕ್ಕೂ ಸೇರಿಲ್ಲ.