ಹಸಿರು ಪಟ್ಟಿಯ ಶೋಕಿ

ಹೋದ ತಿಂಗಳು ಹಾಸ್ಟೆಲ್ಲಿನ ಕಿರಿಯ ಗೆಳೆಯನೊಬ್ಬ ಕ್ಯಾಂಟೀನಿನಲ್ಲಿ ನನ್ನನ್ನು ಹಿಡಿದು ಕೂರಿಸಿದ. "ಅಣ್ಣ, 15,000 ರೂಪಾಯಿ ಇದೆ. ಕಾರಿಗೆ ಒಂದು ರೇಸಿಂಗ್ ಸೀಟು, ಒಂದು ನಾಲ್ಕು ಪಾಯಿಂಟಿನ ಹಾರ್ನೆಸ್ ಹಾಕಿಸ್ಬೇಕು. ಯಾವುದು ತಗೋಬಹುದು?" ಯಾವುದೂ ಬೇಡ ಅಂದೆ. ಅವನ ಮುಖ ಸಣ್ಣದಾಯಿತು. "ನೀವು ಮಾತ್ರ ಹಾಕಿಸ್ಕೊಂಡಿದ್ರಿ?" ಅಂದ.

ಹಾಕಿಸಿಕೊಂಡಿದ್ದೆ, ಸುಳ್ಳಲ್ಲ. ಮೂರು ವರ್ಷದ ಹಿಂದೆ. ಆದ್ದರಿಂದ ಅವನಿಗೆ ಕೊಡಬೇಕಾದ ಉತ್ತರ ಟೀ ಆರುವಷ್ಟರಲ್ಲಿ ಮುಗಿಯುವಂಥದ್ದಲ್ಲ. ಇಲ್ಲಿ ಬರೆಯುತ್ತಿದ್ದೇನೆ. (ನನ್ನ ಪಿಎಚ್‌ಡಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಗೈಡ್ ಓದದಿದ್ದರೆ ಒಳ್ಳೆಯದು.)

ನನ್ನ ತಕರಾರು ಇಷ್ಟು. ದಿನವೂ ರಸ್ತೆಗಿಳಿಯುವ ಕಾರಿಗೆ 'ಕೈಗೆಟುಕುವ ಬೆಲೆಯ ರೇಸಿಂಗ್ ಸೀಟು, ಹಾರ್ನೆಸ್' ಎಂದು ಆರಿಸಿಕೊಳ್ಳುವಂಥದ್ದು ಏನೂ ಇಲ್ಲ. ಈ ಸಾಮಾನನ್ನು ಅರ್ಧ ಹಾಕಿಸಿಕೊಂಡರೆ ಕಂಪನಿ ಕೊಟ್ಟ ಸೀಟು ಬೆಲ್ಟಿಗಿಂತ ಕೆಟ್ಟದ್ದು. ಪೂರ್ತಿ ಹಾಕಿಸಿಕೊಂಡರೆ ಅದು ರಸ್ತೆಯ ಕಾರಾಗಿ ಉಳಿಯುವುದಿಲ್ಲ. ಅಂಗಡಿಯವರೂ ರೀಲ್ಸ್ ಮಾಡುವವರೂ ಮಾರುತ್ತಿರುವುದು ಆ ಅರ್ಧವನ್ನೇ, ಅದೂ 'ಸೇಫ್ಟಿ' ಎಂಬ ಹೆಸರಿನಲ್ಲಿ.

ಈ ಆಸೆ ಹುಟ್ಟುವುದು ಹೇಗೆಂದು ನನಗೆ ಗೊತ್ತು. ನಾನು ಚಿಕ್ಕಮಗಳೂರು ಕಡೆಯವನು. ರ‍್ಯಾಲಿ ಬಂತೆಂದರೆ ಸ್ಕೂಲಿಗೆ ಚಕ್ಕರ್. ಕಾಫಿ ತೋಟದ ಬೇಲಿ ಪಕ್ಕ ನಿಂತರೆ ಎಸ್ಟೀಮುಗಳು, ಜಿಪ್ಸಿಗಳು ಕೆಂಪು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಒಮ್ಮೆ ತಿರುವಿನಲ್ಲಿ ಒಂದು ಎಸ್ಟೀಮ್ ಮಗುಚಿತು. ನಮ್ಮ ಚಿಕ್ಕಪ್ಪ, ತೋಟದ ಕೆಲಸದವರು ಎಲ್ಲ ಓಡಿಹೋಗಿ ತಳ್ಳಿ ಎತ್ತಿ ನಿಲ್ಲಿಸಿದರು. ಒಳಗಿದ್ದ ಇಬ್ಬರೂ ಏನೂ ಆಗದವರಂತೆ ಸ್ಟಾರ್ಟ್ ಮಾಡಿ ಹೊರಟೇಬಿಟ್ಟರು. ಆವತ್ತು ನನ್ನ ಕಣ್ಣಿಗೆ ಬಿದ್ದದ್ದು ಆ ಚಿಪ್ಪಿನಂಥ ಸೀಟು, ಎದೆ ಮೇಲಿನ ಅಗಲವಾದ ಪಟ್ಟಿಗಳು. ಚಾವಣಿ ಅವರ ತಲೆ ಮೇಲೆ ಕುಸಿಯದಂತೆ ತಡೆದದ್ದು ಒಳಗೆ ಬೆಸುಗೆ ಹಾಕಿದ್ದ ಉಕ್ಕಿನ ಪೈಪುಗಳ ಪಂಜರ, ರೋಲ್ ಕೇಜ್. ಅದು ನನಗೆ ಕಾಣಲೇ ಇಲ್ಲ. ಹದಿನೈದು ವರ್ಷದ ನಂತರ ಫೆಲೋಶಿಪ್ಪಿನ ಬಾಕಿಯೆಲ್ಲ ಒಟ್ಟಿಗೆ ಬಂದಾಗ ನಾನು ಕೊಂಡದ್ದೂ ಅವತ್ತು ಕಂಡದ್ದನ್ನೇ.

ಮೊದಲು ಸೀಟಿನ ಮಾತು. ಕಂಪನಿ ಸೀಟೆಂದರೆ ಬರೀ ಸ್ಪಂಜು, ಬಟ್ಟೆ ಎಂದುಕೊಂಡಿದ್ದೇವೆ. ಈಗಿನ ಎಷ್ಟೋ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಇರುವುದೇ ಸೀಟಿನ ಬೆನ್ನಿನೊಳಗೆ. ಬೆಲ್ಟಿನ ಬಕಲ್ ಎಷ್ಟೋ ಸಲ ಸೀಟಿಗೇ ಸೇರಿಕೊಂಡಿರುತ್ತದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಕತ್ತನ್ನು ಹಿಡಿಯುವುದು ಅದರ ತಲೆದಿಂಬು. ನನ್ನ ಗೆಳೆಯನ ಅಪ್ಪ ಸಾಲ ಮಾಡಿ ತೆಗೆದುಕೊಂಡಿರುವುದು ಆರು ಏರ್‌ಬ್ಯಾಗಿನ ಕಾರು. ಅದರ ಸೀಟು ಬಿಚ್ಚಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ದೀಪ ಹತ್ತುತ್ತದೆ. ವೈರಿಗೆ ಒಂದು ರೆಸಿಸ್ಟರ್ ಸಿಕ್ಕಿಸಿ ಆ ದೀಪ ಆರಿಸುವ ಉಪಾಯ ನಮ್ಮ ಹುಡುಗರಿಗೆಲ್ಲ ಬಾಯಿಪಾಠ. ಅಪ್ಪ ಬಡ್ಡಿ ಕಟ್ಟುತ್ತಿರುವ ಏರ್‌ಬ್ಯಾಗನ್ನು ಕಿತ್ತು ಅಟ್ಟಕ್ಕೆ ಹಾಕಿ, ಆ ಜಾಗಕ್ಕೆ ಫೈಬರಿನ ಚಿಪ್ಪು ಕೂರಿಸಿ, ಎಚ್ಚರಿಕೆಯ ದೀಪದ ಬಾಯಿಯನ್ನೂ ಮುಚ್ಚಿಸಿ, ಇದಕ್ಕೆ ಸೇಫ್ಟಿ ಅಪ್‌ಗ್ರೇಡ್ ಎನ್ನುತ್ತಾರೆ!

ಆ ಚಿಪ್ಪು ನಿಲ್ಲುವುದಾದರೂ ಯಾವುದರ ಮೇಲೆ? ಮೋಟಾರು ಕ್ರೀಡೆಯ ಜಾಗತಿಕ ಸಂಸ್ಥೆ ಎಫ್‌ಐಎಯ ನಿಯಮ ಓದಿ ನೋಡಿ. ಒಂದು ಸೀಟಿಗೆ ಕನಿಷ್ಠ ನಾಲ್ಕು ಕಡೆ ಹಿಡಿತ, 8 ಮಿಲಿಮೀಟರಿಗೆ ಕಡಿಮೆಯಿಲ್ಲದ ಬೋಲ್ಟು, ಆಧಾರದ ಉಕ್ಕು 3 ಮಿಲಿಮೀಟರ್ ದಪ್ಪ, ಪ್ರತಿ ಬೋಲ್ಟಿನ ಕೆಳಗೆ 40 ಚದರ ಸೆಂಟಿಮೀಟರ್ ಜಾಗ ಆವರಿಸುವ ತಗಡು. ನನ್ನ ಕಾರಿನಲ್ಲಿ ಇದ್ದದ್ದು ವೆಲ್ಡಿಂಗ್ ಅಂಗಡಿಯಲ್ಲಿ ಬಿದ್ದಿದ್ದ ಆಂಗಲ್ ತುಂಡು, ಹತ್ತು ರೂಪಾಯಿ ನಾಣ್ಯದಷ್ಟಗಲದ ವಾಷರು. ಎಂಟು ತಿಂಗಳಾದ ಮೇಲೆ ಸೀಟು ಕಿರಗುಟ್ಟತೊಡಗಿತು. ಬಗ್ಗಿ ನೋಡಿದರೆ ವಾಷರಿನ ಸುತ್ತ ನೆಲದ ತಗಡು ಬಟ್ಟಲಿನ ಹಾಗೆ ತಗ್ಗಿತ್ತು. ಅದಕ್ಕೆ ಡಿಕ್ಕಿ ಬೇಕಾಗಲಿಲ್ಲ, ನಮ್ಮೂರಿನ ರಸ್ತೆಗಳೇ ಸಾಕಾದವು.

ಇನ್ನು ಹಾರ್ನೆಸ್. ನಾಲ್ಕು ಪಟ್ಟಿ, ನಡುವೆ ತಿರುಗಿಸುವ ಬಕಲ್, ನೋಡಲು ಭರ್ಜರಿ. ಡಿಕ್ಕಿಯಾದಾಗ ದೇಹ ಮುಂದಕ್ಕೆ ಹೋಗುತ್ತದೆ. ಭುಜದ ಎರಡು ಪಟ್ಟಿಗಳು ಬಿಗಿಯುತ್ತಾ ಸೊಂಟದ ಪಟ್ಟಿಯನ್ನು ಮೇಲಕ್ಕೆಳೆಯುತ್ತವೆ. ಸೊಂಟದ ಗಟ್ಟಿ ಮೂಳೆಯ ಮೇಲೆ ಇರಬೇಕಾದ ಪಟ್ಟಿ ಹೊಟ್ಟೆಗೆ ಬರುತ್ತದೆ, ಮನುಷ್ಯ ಅದರಡಿಯಿಂದ ಜಾರುತ್ತಾನೆ. ಕರುಳು, ಈಲಿ ಎಲ್ಲ ಅಲ್ಲೇ ಇರುವುದು. ಇದನ್ನು ತಡೆಯಲೆಂದೇ ರೇಸಿನವರು ತೊಡೆಸಂದಿನಿಂದ ಐದನೆಯ, ಆರನೆಯ ಪಟ್ಟಿ ಹಾಕುತ್ತಾರೆ. ಅದಕ್ಕೆ ಸೀಟಿನ ತಳದಲ್ಲಿ ತೂತಿರಬೇಕು, ಕೆಳಗೆ ಬೋಲ್ಟು ಕೂರಿಸಬೇಕು. ಅಷ್ಟು ರಗಳೆ ಯಾರಿಗೆ ಬೇಕು? ನಾಲ್ಕೇ ಸಾಕು.

ಭುಜದ ಪಟ್ಟಿಯ ಹಿಂದಿನ ತುದಿ ಎಲ್ಲಿ ಕಟ್ಟಬೇಕೆಂಬುದಕ್ಕೂ ನಿಯಮವಿದೆ. ಸೀಟಿನ ಬೆನ್ನಿನ ಮೇಲಂಚಿನಿಂದ ಹಿಂದಕ್ಕೆ ಹೋಗುವಾಗ 45 ಡಿಗ್ರಿಗಿಂತ ಹೆಚ್ಚು ಇಳಿಯಬಾರದು, 10 ಡಿಗ್ರಿಯೊಳಗಿದ್ದರೆ ಒಳ್ಳೆಯದು. ನಾವು ಕಟ್ಟುವುದು ಹಿಂದಿನ ಸೀಟಿನ ಬೆಲ್ಟಿನ ಬುಡಕ್ಕೆ, ಹೆಚ್ಚುಕಡಿಮೆ ನೆಲಕ್ಕೆ. ಅಪಘಾತದಲ್ಲಿ ಆ ಪಟ್ಟಿ ಭುಜವನ್ನು ಹಿಂದಕ್ಕೆ ಹಿಡಿಯುವ ಬದಲು ಕೆಳಕ್ಕೆ ಒತ್ತುತ್ತದೆ. ಭಾರ ಬೀಳುವುದು ಬೆನ್ನುಮೂಳೆಯ ಮೇಲೆ. ಮಗುಚಿದಾಗ ಚಾವಣಿ ತಗ್ಗಿದರೆ ಮೂರು ಪಾಯಿಂಟಿನ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ವಾಲಬಲ್ಲದು. ಹಾರ್ನೆಸ್ಸಿನಲ್ಲಿ ಕಂಬಕ್ಕೆ ಕಟ್ಟಿದಂತೆ ನೆಟ್ಟಗೆ ಕೂತಿರಬೇಕು.

ಮೈಯನ್ನು ಹೀಗೆ ಕಟ್ಟಿದ ಮೇಲೆ ತಲೆಯ ಗತಿಯೇನು? 2001ರ ಫೆಬ್ರವರಿ 18ರಂದು ಅಮೆರಿಕದ ಡೇಟೋನಾದಲ್ಲಿ ಡೇಲ್ ಅರ್ನ್‌ಹಾರ್ಟ್ ಸತ್ತದ್ದು ತಲೆಬುರುಡೆಯ ತಳ ಮುರಿದು. ಸಾಮಾನ್ಯ ಚಾಲಕನಲ್ಲ, ಏಳು ಸಲ ನಾಸ್ಕಾರ್ ಚಾಂಪಿಯನ್. ಕತ್ತನ್ನು ಹಿಡಿಯುವ 'ಹಾನ್ಸ್' ಸಾಧನ ಅಷ್ಟು ಹೊತ್ತಿಗಾಗಲೇ ಇತ್ತು. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಾಬರ್ಟ್ ಹಬ್ಬರ್ಡ್ ತಮ್ಮ ಭಾವಮೈದ, ರೇಸ್ ಚಾಲಕ ಜಿಮ್ ಡೌನಿಂಗ್ ಜೊತೆ ಸೇರಿ ಅದನ್ನು ಮಾಡಿದ್ದರು. ಅರ್ನ್‌ಹಾರ್ಟ್ ಅದನ್ನು ಹಾಕಿಕೊಂಡಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ನಾಸ್ಕಾರ್ ಇಂಥ ಸಾಧನವನ್ನು ಕಡ್ಡಾಯ ಮಾಡಿತು. ಇದು ಹೆಲ್ಮೆಟ್ಟಿಗೆ ಸಿಕ್ಕಿಸುವ ವಸ್ತು. ಹಾಗಾದರೆ ತರಕಾರಿ ತರಲು ಹೋಗುವಾಗಲೂ ಹೆಲ್ಮೆಟ್ ಹಾಕಿಕೊಂಡು ಕಾರು ಓಡಿಸುತ್ತೀರಾ? 'ಕೇಜನ್ನೂ ಹಾಕಿಸಿಬಿಡ್ತೀನಿ' ಎನ್ನುವ ಶೂರರೂ ಇದ್ದಾರೆ. ಹೆಲ್ಮೆಟ್ ಇಲ್ಲದ ತಲೆಯ ಪಕ್ಕದಲ್ಲೇ ಉಕ್ಕಿನ ಪೈಪು ಇಟ್ಟುಕೊಂಡವರು ಸಣ್ಣ ಡಿಕ್ಕಿಗೂ ಹೆದರಬೇಕು.

ಒಂದು ಮಾತು ಒಪ್ಪಿಕೊಳ್ಳಬೇಕು. ಜರ್ಮನಿಯ ಶ್ರೋಟ್ ಕಂಪನಿ ರಸ್ತೆ ಕಾರಿಗೆಂದೇ ನಾಲ್ಕು ಪಾಯಿಂಟಿನ ಹಾರ್ನೆಸ್ ಮಾಡಿದೆ. ಒಂದು ಭುಜದ ಪಟ್ಟಿಯಲ್ಲಿ ಮಡಚಿ ಹೊಲಿದ ಭಾಗ ಡಿಕ್ಕಿಯಲ್ಲಿ ಬಿಚ್ಚಿಕೊಂಡು ಮೈ ಸ್ವಲ್ಪ ತಿರುಗುತ್ತದೆ, ಜಾರುವುದು ತಪ್ಪುತ್ತದೆ. ಯೋಚಿಸಿ ಮಾಡಿದ ವಸ್ತು. ಆದರೆ ಅದು ಯಾವ ಕಾರಿಗೆ ಹೊಂದುತ್ತದೆಂದು ಕಂಪನಿಯೇ ಪಟ್ಟಿ ಕೊಡುತ್ತದೆ. ನನ್ನ ಗೆಳೆಯ ಫೋನಿನಲ್ಲಿ ತೋರಿಸಿದ್ದು ಅದನ್ನಲ್ಲ.

ಅವನು ತೋರಿಸಿದ್ದು ಹಸಿರು ಬಣ್ಣದ, 'ಟಕಾಟಾ' ಎಂದು ಬರೆದ ಬೆಲ್ಟು. ಜಪಾನಿ ಕಾರುಗಳ ಹುಚ್ಚಿರುವವರಿಗೆಲ್ಲ ಆ ಹಸಿರು ಗೊತ್ತು. ಅದರ ನಕಲಿಗೆ ಲೆಕ್ಕವಿಲ್ಲ. ಆ ಹೆಸರಿನ ಕತೆ ಗೊತ್ತೇನೋ ಅಂದೆ. ಗೊತ್ತಿರಲಿಲ್ಲ. ಟಕಾಟಾ ಮಾಡಿದ ಏರ್‌ಬ್ಯಾಗುಗಳು ಸಿಡಿದು ಲೋಹದ ಚೂರು ತಾಗಿ ಜನ ಸತ್ತರು, ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರು ವಾಪಸು ಕರೆಸಬೇಕಾಯಿತು, 2017ರಲ್ಲಿ ಕಂಪನಿ ದಿವಾಳಿಯಾಯಿತು. ಆ ಹೆಸರಿನ ಖೋಟಾ ಬೆಲ್ಟನ್ನು ಎದೆಗೆ ಕಟ್ಟಿಕೊಂಡು ಸುರಕ್ಷತೆಯ ಮಾತಾಡುವುದಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ನಾನು ಹಾರ್ನೆಸ್ ಬಿಚ್ಚಿದ್ದು ಇದನ್ನೆಲ್ಲ ಓದಿಕೊಂಡಲ್ಲ. ಒಂದು ಸಂಜೆ ನಮ್ಮ ಬಡಾವಣೆಯ ನಾಲ್ಕು ರಸ್ತೆ ಕೂಡುವಲ್ಲಿ ಬಲಕ್ಕೆ ತಿರುಗಿಸುತ್ತಿದ್ದೆ. ಮುಂದಿನ ಗಾಜಿನ ಪಕ್ಕದ ಕಂಬ ಅಡ್ಡ. ಸಾಮಾನ್ಯ ಬೆಲ್ಟಿನಲ್ಲಾದರೆ ಒಂದು ಗೇಣು ಮುಂದೆ ಬಗ್ಗಿ ಇಣುಕುತ್ತೇವೆ, ರೀಲು ಬಿಟ್ಟುಕೊಡುತ್ತದೆ. ನಾವು ಇಣುಕುತ್ತೇವೆಂಬುದೂ ನಮಗೆ ಗೊತ್ತಿರುವುದಿಲ್ಲ, ಅಷ್ಟು ರೂಢಿ. ನಾನು ಬಿಗಿಯಾಗಿ ಕಟ್ಟಿಕೊಂಡಿದ್ದೆ. ಬಗ್ಗಲಾಗಲಿಲ್ಲ. ಸೀಟಿನ ಕಿವಿಗಳು ಬೇರೆ ಅಡ್ಡ. ಎಡದಿಂದ ಬಂದ ಸ್ಕೂಟರು ಬಂಪರಿಗೆ ತಾಗಿ ವಾಲಿಕೊಂಡಿತು. ಅರವತ್ತು ದಾಟಿದ ಯಜಮಾನರು, ಮುಂದೆ ಹಾಲಿನ ಚೀಲ. ಮೊಣಕೈ ತರಚಿತ್ತು, ಅಷ್ಟೇ, ಪುಣ್ಯ. ನಾನು ಇಳಿದು ಎತ್ತಬೇಕು, ಗಾಬರಿಯಲ್ಲಿ ಬಕಲ್ ತಿರುಗುತ್ತಿಲ್ಲ. ಅವರೇ ಎದ್ದು, ಸ್ಕೂಟರು ನಿಲ್ಲಿಸಿ, ಕಿಟಕಿಗೆ ಬಂದು ನನ್ನ ಎದೆ ನೋಡಿದರು. "ಏನಪ್ಪಾ, ಯಾರಾದ್ರೂ ಕಟ್ಟಿಹಾಕಿದಾರಾ ನಿನ್ನ?"

ಹಾರ್ನೆಸ್ ಕೆಲಸ ಮಾಡಬೇಕಾದರೆ ಬಿಗಿಯಾಗಿರಬೇಕು. ರೇಸ್ ಟ್ರ್ಯಾಕಿನಲ್ಲಿ ಎಡದಿಂದ ಸ್ಕೂಟರು, ಬಲದಿಂದ ಎಮ್ಮೆ ಬರುವುದಿಲ್ಲ, ನಡೆಯುತ್ತದೆ. ರಸ್ತೆಯಲ್ಲಿ ಸಡಿಲ ಬಿಟ್ಟರೆ ಅದು ಬೆಲ್ಟೇ ಅಲ್ಲ. ಹಾಕಿಸಿಕೊಂಡವರೆಲ್ಲ ಸಡಿಲ ಬಿಡುತ್ತಾರೆ. ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವಾಗ ಮಾತ್ರ ಬಿಗಿಯುತ್ತಾರೆ.

ಗೆಳೆಯನ ಕೊನೆಯ ಅಸ್ತ್ರ ಬೇರೆಯದೇ. "ದುಡ್ಡಿದ್ದವರು ರೆಕಾರೊ ಹಾಕಿಸ್ಕೋತಾರೆ. ನಮ್ಮಂಥವರು ಆಸೆನೇ ಪಡಬಾರದಾ ಅಣ್ಣ?" ಇದು ನನಗೆ ತಾಗಿತು, ಯಾಕೆಂದರೆ ಮೂರು ವರ್ಷದ ಹಿಂದೆ ನಾನೂ ಇದನ್ನೇ ಹೇಳಿಕೊಂಡಿದ್ದೆ. ಆದರೆ ಈ ಮಾತನ್ನು ಯಾರು ಯಾರಿಗೆ ಕಲಿಸಿದ್ದು? ಎಫ್‌ಐಎ 8855-1999 ಮಾನದಂಡದ ಸೀಟಿಗೆ ತಯಾರಾದಂದಿನಿಂದ ಐದು ವರ್ಷ ಆಯಸ್ಸು. ಅವಧಿ ಮುಗಿದು ರೇಸಿನಿಂದ ಹೊರಬಿದ್ದ ಸೀಟು 'ಒರಿಜಿನಲ್, ಅರ್ಧ ಬೆಲೆ' ಎಂದು ನಮ್ಮ ಪಾಲಿಗೆ ಬರುತ್ತದೆ. ಅದಕ್ಕಿಂತ ಕೆಳಗಿನವರಿಗೆ ಖೋಟಾ ಲೇಬಲ್. ಸಿರಿವಂತರ ಪ್ರಾಣಕ್ಕೆ ಪರೀಕ್ಷೆ ಮಾಡಿದ ವಸ್ತು, ನಮ್ಮದಕ್ಕೆ ಅದರ ವೇಷ. ಇದನ್ನು ಸಮಾನತೆ ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ.

ನಿಜಕ್ಕೂ ಎಲ್ಲರ ಕೈಗೆಟುಕಿದ ವಸ್ತು ಆ ಹಳೆಯ ಮೂರು ಪಾಯಿಂಟಿನ ಬೆಲ್ಟು. 1959ರಲ್ಲಿ ಅದನ್ನು ವೋಲ್ವೊಗೆ ಮಾಡಿಕೊಟ್ಟ ನಿಲ್ಸ್ ಬೋಲಿನ್ ಅದಕ್ಕೆ ಮುಂಚೆ ಯುದ್ಧವಿಮಾನದಿಂದ ಪೈಲಟನ್ನು ಎಸೆಯುವ ಸೀಟುಗಳ ಮೇಲೆ ಕೆಲಸ ಮಾಡಿದ್ದವರು. ಪಟ್ಟಿಗಳಿಂದ ಮನುಷ್ಯನನ್ನು ಬಿಗಿಯುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾರಿಗೆ ಆರಿಸಿದ್ದು ಒಂದೇ ಕೈಯಲ್ಲಿ ಹಾಕಿಕೊಳ್ಳುವಂಥ ಬೆಲ್ಟನ್ನು. ವೋಲ್ವೊ ಅದರ ಪೇಟೆಂಟನ್ನು ಬೇರೆ ಕಂಪನಿಗಳಿಗೂ ಮುಕ್ತವಾಗಿ ಬಿಟ್ಟಿತು. ಅದನ್ನು ನಾವು ಹೇಗೆ ನಡೆಸಿಕೊಂಡೆವು? ಬೆಲ್ಟಿನ ಬದಲು ಸಿಕ್ಕಿಸಿ ಅಲಾರಾಂ ಬಾಯಿ ಮುಚ್ಚಿಸುವ ಕ್ಲಿಪ್ಪುಗಳನ್ನು ಮಾರಿದೆವು. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ಕೊಟ್ಟು ಅದನ್ನು ತೆಗೆಸಬೇಕಾಯಿತು. ಕ್ಲಿಪ್ ಸಿಕ್ಕಿಸುವ ಮಾವನನ್ನು ಹಳ್ಳಿಗಮಾರ ಎಂದು ನಗುವ ನಾವು ಹಸಿರು ಪಟ್ಟಿ ಕಟ್ಟಿಕೊಂಡು ಅದೇ ಕೆಲಸವನ್ನು ಹೆಚ್ಚು ದುಡ್ಡು ಕೊಟ್ಟು ಮಾಡುತ್ತಿದ್ದೇವೆ. ಕಾನೂನಿನ ಮಾತು ಬೇರೆ: ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಅದಕ್ಕೆ ಹೆದರುವವರು ಯಾರೂ ನನಗೆ ಸಿಕ್ಕಿಲ್ಲ.

15,000ದಲ್ಲಿ ಏನು ಮಾಡಲಿ ಎಂದರೆ ಹೇಳುತ್ತೇನೆ. ಟೈರಿನ ಅಚ್ಚು ನೋಡು, ಸವೆದಿದ್ದರೆ ಅದಕ್ಕೆ ಹಾಕು. ಬ್ರೇಕ್ ಪ್ಯಾಡ್ ನೋಡಿಸು. ಸೀಟು ಎತ್ತರಿಸಿ, ಸ್ಟೇರಿಂಗಿಗೆ ಹತ್ತಿರ ತಂದುಕೊಂಡು, ಬೆನ್ನನ್ನು ನೆಟ್ಟಗೆ ಮಾಡಿಕೋ. ಹುಡುಗರು ಸೋಫಾದಲ್ಲಿ ಮಲಗಿದಂತೆ ಕೂತು 'ಸೀಟು ಹಿಡಿಯಲ್ಲ' ಎನ್ನುತ್ತಾರೆ. ಉಳಿದ ದುಡ್ಡಲ್ಲಿ ಕೊಯಮತ್ತೂರಿಗೆ ಬಸ್ಸು ಹತ್ತಿ ಕರಿ ಟ್ರ್ಯಾಕಿನಲ್ಲಿ ರೇಸ್ ನಡೆಯುವಾಗ ನೋಡಿಕೊಂಡು ಬಾ. ಈ ಸಲ ಪೈಪುಗಳನ್ನು ನೋಡು.

ನನ್ನ ಸೀಟು ಈಗ ಹಾಸ್ಟೆಲ್ ರೂಮಿನಲ್ಲಿ ಮರದ ಹಲಗೆಯ ಮೇಲಿದೆ. ಪ್ರಬಂಧದ ಎರಡನೇ ಅಧ್ಯಾಯ ಅದರಲ್ಲೇ ಕೂತು ಬರೆದೆ. ಸೊಂಟ ನೋಯುತ್ತದೆ. ಬೆಲ್ಟನ್ನು ಕಸಕ್ಕೆ ಹಾಕಿದರೆ ಯಾರಾದರೂ ಎತ್ತಿಕೊಂಡು ಹೋಗಿ ಕಾರಿಗೆ ಕಟ್ಟಿಯಾರೆಂದು ತುಂಡು ತುಂಡು ಮಾಡಿದ್ದೆ. ಮೊನ್ನೆ ಗೆಳೆಯ ಬಂದು ಸೀಟಿನಲ್ಲಿ ಕೂತು, ಆ ಕಡೆ ಈ ಕಡೆ ವಾಲಿ ನೋಡಿ, "ಇದನ್ನೇ ಎಷ್ಟಕ್ಕೆ ಕೊಡ್ತೀರ?" ಅಂದ. ಕೊಡುವುದಿಲ್ಲ ಅಂದೆ. ಇನ್ನೂ ಕೇಳುತ್ತಲೇ ಇದ್ದಾನೆ.