ಎಡಗಡೆಯ ಕಿಟಕಿ

ವಿಮಾನದಲ್ಲಿ ಯಾವ ಕಡೆ ಕೂತರೇನು, ಊರು ತಲುಪಿದರೆ ಸಾಲದೆ? ಹೀಗೆನ್ನುವವರಲ್ಲಿ ನಮ್ಮ ಯಜಮಾನರೂ ಒಬ್ಬರು. ಮೊದಲ ಸಲ ಹತ್ತಿದಾಗ ಕಿಟಕಿ ಸೀಟೆಂದು ಹೆಚ್ಚಿನ ಹಣ ಕೊಟ್ಟು ಕೂತರೆ, ನನ್ನ ಪಕ್ಕಕ್ಕಿದ್ದದ್ದು ಬರೀ ಗೋಡೆ! ಕೆಲವು ಸಾಲುಗಳಿಗೆ ಕಿಟಕಿಯೇ ಇರುವುದಿಲ್ಲವಂತೆ. ಯಾರಿಗೆ ಹೇಳೋಣ, ನೀವೇ ಹೇಳಿ.

ಈ ಸಲ ಹಾಗಾಗುವಂತಿರಲಿಲ್ಲ. ಕಾರಣ ನಮ್ಮತ್ತೆ. ಅವರಿಗೀಗ ಎಪ್ಪತ್ತಾರು. ಅವರ ತವರೂರು ಗೊರೂರಿನ ಆಚೆ, ಹೇಮಾವತಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಒಂದು. ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಷ್ಟರಲ್ಲಿ ಅತ್ತೆ ಹಾರನಹಳ್ಳಿಗೆ ಸೊಸೆಯಾಗಿ ಬಂದು ವರ್ಷಗಳಾಗಿದ್ದವು. ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಕಡೆ ಚೆದುರಿದರು. ಗೌರಿ ಹಬ್ಬಕ್ಕೆ ಬಾಗಿನವೇನೋ ಬರುತ್ತಿತ್ತು, ಹೋಗಿಬರಲು ತವರುಮನೆ ಇರಲಿಲ್ಲ. ಅಣೆಕಟ್ಟಿನ ಹತ್ತಿರ ಹೋಗಿ ನೋಡಿದ್ದೂ ಉಂಟು. "ಅಲ್ಲಿಂದ ಒಂದು ಮೂಲೆ ಕಾಣುತ್ತೆ ಕಣೇ. ಪೂರಾ ಎಷ್ಟು ನುಂಗಿದೆ ಅಂತ ಒಂದ್ಸಲ ಮೇಲಿಂದ ನೋಡಬೇಕು" ಅನ್ನುತ್ತಿದ್ದರು.

ಗೊರೂರಿನವರೇ ಆದ, ನಮ್ಮ ಜಾವಗಲ್ ಕಡೆ ತೋಟ ಮಾಡಿದ್ದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಕಡಿಮೆ ದರದ ವಿಮಾನ ಬಿಟ್ಟಾಗಲೇ ಅತ್ತೆ ಬಾಯಿಬಿಟ್ಟು ಕೇಳಿದ್ದರು. ಆಗ ನನ್ನ ಕಂಕುಳಲ್ಲಿ ಕೂಸು, ಕೈಯಲ್ಲಿ ಕಾಸಿಲ್ಲ.

ಹೋದ ಕಾರ್ತೀಕದಲ್ಲಿ ಬೆಂಗಳೂರಿಗೆ ಮದುವೆಗೆ ಹೋದವರು, ಅಲ್ಲಿಂದ ಮಂಗಳೂರಿನ ನಾದಿನಿ ಮನೆಗೆ ಹೋಗಬೇಕಿತ್ತು. ನಾದಿನಿಯ ಮಗ ವಿಮಾನದ ಟಿಕೆಟ್ ಮಾಡಿಸಿದ. "ಅತ್ತೆ, ಬಲಗಡೆ ತಗೊಳ್ಳಿ, ಎಡಗಡೆ ಬಿಸಿಲು ಹೊಡೆಯುತ್ತೆ" ಅಂದ. ಅವನು ಹೇಳಿದ್ದು ಸರಿಯೇ. ಪಶ್ಚಿಮಕ್ಕೆ ಹೋಗುವಾಗ ಎಡಗೈ ದಕ್ಷಿಣಕ್ಕೆ. ಚಳಿಗಾಲದಲ್ಲಿ ಸೂರ್ಯನೂ ದಕ್ಷಿಣಕ್ಕೆ ವಾಲಿರುತ್ತಾನೆ. ಆದರೆ ನಾನು ಮಗನ ಹಳೇ ಭೂಪಟ ತೆಗೆದು ಬೆಂಗಳೂರಿನಿಂದ ಮಂಗಳೂರಿಗೆ ಅಡ್ಡಪಟ್ಟಿ ಇಟ್ಟೆ. ಗೆರೆ ಹಾಸನದ ಹತ್ತಿರ ಹಾದುಹೋಯಿತು. ಗೊರೂರು ಗೆರೆಯ ಕೆಳಗೆ, ಅಂದರೆ ಎಡಕ್ಕೆ. ನಮ್ಮ ಅರಸೀಕೆರೆ ಬಲಕ್ಕೆ. "ಎಡಗಡೆಯೇ ಇರಲಿ ಮಗು, ಎ ಸೀಟು" ಅಂದೆ.

ನೀವೂ ಹೊರಡುವ ಮುಂಚೆ ಹೀಗೆ ಅಡ್ಡಪಟ್ಟಿ ಇಟ್ಟು ನೋಡಿ. ದೊಡ್ಡ ವಿಮಾನವಾದರೆ ನಡುವಿನ ಸಾಲು ಬೇಡ, ಕೆಳಗೆ ನೋಡಿದರೆ ರೆಕ್ಕೆಯೇ ಕಾಣುತ್ತೆ. ನಮ್ಮದು ಎ.ಟಿ.ಆರ್. ಎನ್ನುವ ಫ್ಯಾನಿನ ಚಿಕ್ಕ ವಿಮಾನ, ರೆಕ್ಕೆ ಕಿಟಕಿಗಿಂತ ಮೇಲಿರುತ್ತೆ. ಹತ್ತುವ ಬಾಗಿಲು ಹಿಂದುಗಡೆ, ಹಾಗಾಗಿ ಹಿಂದಿನ ಸಾಲು ಹಿಡಿದರೆ ವಯಸ್ಸಾದವರಿಗೆ ನಡಿಗೆಯೂ ಕಡಿಮೆ. ಮಳೆಗಾಲದಲ್ಲಂತೂ ಕಿಟಕಿಗೆ ದುಡ್ಡು ಸುರಿಯಬೇಡಿ, ಬರೀ ಹಿಂಜಿದ ಹತ್ತಿ ನೋಡಿಕೊಂಡು ಬರಬೇಕಾದೀತು.

ಹತ್ತು ಗಂಟೆಯ ವಿಮಾನ. ಅತ್ತೆ ಕಿಟಕಿಗೆ, ನಾನು ಪಕ್ಕಕ್ಕೆ. ಹೊರಟು ಅರ್ಧ ಗಂಟೆಯಾಗಿರಬೇಕು, ದೂರದಲ್ಲಿ ನೀರು ಕಾಣಿಸಿತು. ಬಿಸಿಲು ಬೇಡವೆಂದು ಬಲಗಡೆ ಕೂತಿದ್ದರೆ ಕೆಟ್ಟಿತ್ತು! ಸೂರ್ಯ ಅದೇ ಕಡೆ ಇದ್ದದ್ದರಿಂದಲೇ ಆ ನೀರು ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆ ತಟ್ಟೆಯ ಹಾಗೆ ಹೊಳೆಯಿತು. ಸುತ್ತ ಗುಡ್ಡಗಳ ಸಂದಿಗೆ ಬೆರಳು ಚಾಚಿಕೊಂಡಿತ್ತು.

ಅತ್ತೆ ಕನ್ನಡಕ ಒರೆಸಿ ನೋಡಿದರು. "ಇಷ್ಟೇನೇ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮೂರು ಯಾವ ಬೆರಳಲ್ಲಿದೆಯೋ" ಅಂದರು. ನಾನು ಏನು ಹೇಳಲಿ? ಆಮೇಲೆ ಸಮುದ್ರ ಬಂತು, ನೋಡಿ ಅಂದರೂ ಅವರು ತಲೆ ಎತ್ತಲಿಲ್ಲ.

ವಾಪಸು ಬಂದದ್ದು ಹಗಲು ರೈಲಿನಲ್ಲಿ. ವಿಮಾನದ ಖರ್ಚು ಬೇಡವೆನ್ನುವವರಿಗೆ ಇದೇ ವಾಸಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವಾಗ ಕಣಿವೆ ಹೆಚ್ಚಾಗಿ ಬಲಕ್ಕೆ, ಹತ್ತುವಾಗ ಎಡಕ್ಕೆ. ನಡುವೆ 57 ಸುರಂಗ. ಅತ್ತೆ, "ನೀನೇ ಕೂತ್ಕೊಳೇ ಕಿಟಕಿಗೆ, ನಂದಾಯ್ತು" ಅಂತ ನನ್ನ ಹೆಗಲಿಗೆ ತಲೆಯಿಟ್ಟು ಸಕಲೇಶಪುರದವರೆಗೂ ನಿದ್ದೆ ಮಾಡಿದರು.