ಗೆಸ್ ಹೊಡೆಯೋದು ಬಿಡಿಸೋದಲ್ಲ | ಕರಿಮನೆ ಸರಣಿ, ಭಾಗ 6

ಭಾಗ 5ರ ಗ್ರಿಡ್‌ಗೆ ಬಂದ ಮೆಸೇಜ್‌ಗಳಲ್ಲಿ ಹೆಚ್ಚಿನವು ಒಂದೇ ಥರ. "5 ಹಾಕಿ ನೋಡ್ದೆ, ಆಗ್ಲಿಲ್ಲ. ಅಳಿಸಿ 6 ಹಾಕ್ದೆ, ಬಂತು." ಚನ್ನಗಿರಿಯಿಂದ ಒಬ್ರು ಪೂರ್ತಿ ತುಂಬಿದ ಫೋಟೋ ಕಳಿಸಿ "ಹತ್ತೇ ನಿಮಿಷ" ಅಂದ್ರು. ಎಲ್ಲಾ ಅಂಕಿನೂ ಸರಿಯಾಗಿತ್ತು. "ಎರಡನೇ ಸಾಲಿನ ಮೊದಲನೇ ಮನೇಲಿ 6 ಯಾಕೆ?" ಅಂತ ಕೇಳ್ದೆ. ಸೀನ್ ಆಯ್ತು. ಉತ್ತರ ಇವತ್ತಿಗೂ ಬಂದಿಲ್ಲ.

ನನ್ನ ಜಗಳ ಇರೋದು ಇದ್ರ ಜೊತೆಗೇ. ಅವರ ಉತ್ತರ ಸರಿ, ಆದ್ರೆ ಅವರು ಅದನ್ನ ಬಿಡಿಸಿಲ್ಲ.

ಹೊಸಬರಿಗೆ ನಿಯಮ ಇನ್ನೊಮ್ಮೆ ಹೇಳ್ತೀನಿ. 6×6 ಗ್ರಿಡ್. ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು, ದಪ್ಪ ಗೆರೆಯ ಪ್ರತಿ ಪೆಟ್ಟಿಗೆಯಲ್ಲಿ (ಎರಡು ಸಾಲು, ಮೂರು ಕಂಬ) 1ರಿಂದ 6 ಒಂದೊಂದೇ ಸಲ. ಇಲ್ಲಿವರೆಗೆ ಸುಡೊಕು. ಸಮಸಂಖ್ಯೆ ಬಂದ ಮನೆಗೆಲ್ಲ ಕರಿ ಬಣ್ಣ, ಬೆಸಸಂಖ್ಯೆಯದ್ದು ಬಿಳಿ. ಯಾವ ಕರಿಮನೆಯೂ ಒಂಟಿ ಇರಬಾರದು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಎಲ್ಲಾದ್ರೂ ಒಂದು ಕಡೆ ಇನ್ನೊಂದು ಕರಿಮನೆ ತಾಗಿರಲೇಬೇಕು. ಮೂಲೆಗೆ ಮೂಲೆ ತಾಗಿದ್ರೆ ಲೆಕ್ಕಕ್ಕಿಲ್ಲ.

ಈಗ ಸ್ಲೈಡ್ 2 ನೋಡಿ. ಎಡ ಮೇಲ್ಮೂಲೇಲಿ 4. ಅದ್ರ ಬಲಕ್ಕೆ 3. ಮೂರನೇ ಸಾಲಿನ ಮೊದಲ ಮನೇಲಿ 2. ಮಧ್ಯದ ಎರಡನೇ ಸಾಲಿನ ಮೊದಲ ಮನೆ ಖಾಲಿ. ಬರೀ ಸುಡೊಕು ಕಣ್ಣಲ್ಲಿ ನೋಡಿದ್ರೆ ಅಲ್ಲಿ 1, 5, 6 ಮೂರೂ ಕೂರುತ್ತೆ. ಇಲ್ಲೇ ಎಲ್ಲರೂ ನಾಣ್ಯ ಚಿಮ್ಮಿದ್ದು. ಆದ್ರೆ 4 ಇರೋ ಮೂಲೆಮನೆ ಕರಿ, ಅದಕ್ಕೆ ನೆರೆಮನೆ ಇರೋದೇ ಎರಡು. ಬಲಗಡೆಯದ್ದು 3, ಅಂದ್ರೆ ಬಿಳಿ. ಹಾಗಾದ್ರೆ ಕೆಳಗಿನದ್ದು ಕರಿಯಾಗ್ಲೇಬೇಕು, ಅಂದ್ರೆ ಸಮಸಂಖ್ಯೆ. 4 ಅದೇ ಪೆಟ್ಟಿಗೇಲಿದೆ, 2 ಅದೇ ಕಂಬದಲ್ಲಿದೆ. ಉಳಿದಿದ್ದು 6. ಮುಗೀತು. ರಬ್ಬರ್ ಮುಟ್ಟೋ ಹಾಗೇ ಇಲ್ಲ.

ಇದು ಬಣ್ಣ ಬಳಿದ ಸುಡೊಕು ಅಷ್ಟೇ ಅನ್ನೋರು ಈ ಒಂದು ಮನೆ ಮತ್ತೆ ನೋಡ್ಲಿ. ಅಂಕಿ ಹೇಳದ್ದನ್ನ ಬಣ್ಣ ಹೇಳ್ತು, ಬಣ್ಣ ಹೇಳದ್ದನ್ನ ಅಂಕಿ ಹೇಳ್ತು. ಎರಡೂ ಒಂದನ್ನೊಂದು ಆಡಿಟ್ ಮಾಡ್ತಾವೆ.

ಬಿಕಾಂನವರಿಗೆ ಒಂದು ಮಾತು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದೇ ಇದ್ದಾಗ ವ್ಯತ್ಯಾಸ ತಗೊಂಡು ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಲ್ಲ, ಗೆಸ್ ಅಂದ್ರೆ ಅದೇ. ಎರಡೂ ಕಡೆ ಮೊತ್ತ ಸರಿಬಂತು, ನಿಜ. ತಪ್ಪು ಎಲ್ಲಿತ್ತು ಅಂತ ಗೊತ್ತಾಯ್ತಾ? ಟ್ಯಾಲಿ ಆದ ಮೇಲೂ ತಪ್ಪು ಅಡಗಿ ಕೂತಿರಬಹುದು ಅಂತ ಆ ಪಾಠದಲ್ಲೇ ಓದಿರ್ತೀವಿ, ಪರೀಕ್ಷೇಲಿ ಬರೆದು ಮಾರ್ಕ್ಸೂ ತಗೊಂಡಿರ್ತೀವಿ. ಪೆನ್ಸಿಲ್ ಕೈಗೆ ಬಂದ ತಕ್ಷಣ ಮರೆತುಹೋಗುತ್ತೆ.

ಈ ಚಟ ಎಲ್ಲಿಂದ ಬಂತು ಅಂತಾನೂ ಗೊತ್ತು. ಬ್ಯಾಂಕ್ ಪರೀಕ್ಷೆಯ ರೀಸನಿಂಗ್ ಕ್ಲಾಸಿಗೆ ಮೂರು ತಿಂಗಳು ನಾನೂ ಹೋಗಿದ್ದೆ. "ಯಾಕೆ ಅಂತ ಕೇಳ್ಬೇಡ, ಟ್ರಿಕ್ ನೆನಪಿಟ್ಕೊ." ದಿನಾ ಇದೇ ಮಂತ್ರ. ಐಬಿಪಿಎಸ್‌ನಲ್ಲಿ ಒಂದು ತಪ್ಪಿಗೆ ಕಾಲು ಅಂಕ ಕಟ್, ಆದ್ರೂ ಕ್ಲಾಸಲ್ಲಿ ಕಲಿಸಿದ್ದು ಆಪ್ಷನ್ ನೋಡಿ ಊಹಿಸೋದನ್ನ. ರೀಸನಿಂಗ್ ಅಂತ ಬೋರ್ಡ್ ಹಾಕಿ, ರೀಸನ್ ಕೇಳಿದ್ರೆ ಬೈಯೋದು! ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ಫೀಸ್ ಕಟ್ಟಿದ್ರು. ಆ ಮೂರು ತಿಂಗಳಲ್ಲಿ ಒಂದೇ ಒಂದು ಉತ್ತರವನ್ನೂ ನಾನು ಕಾರಣ ಕೊಟ್ಟು ಸಮರ್ಥಿಸಲಿಲ್ಲ. ಅದನ್ನ ಮಾಡಿದ್ದು ಆಮೇಲೆ, 36 ಮನೆಯ ಒಂದು ಹಾಳೆ ಮೇಲೆ.

ಹೊನ್ನಾಳಿಯಿಂದ ಒಬ್ರ ಕಾಮೆಂಟ್: "ಆಪ್‌ಗೆ ಹಾಕಿದ್ರೆ ಸೆಕೆಂಡಲ್ಲಿ ಬಿಡಿಸುತ್ತೆ, ಇಷ್ಟೆಲ್ಲ ಯಾಕೆ?" ಬಿಡಿಸ್ಲಿ ಬಿಡಿ. ಹೊಳೆ ದಾಟೋಕೆ ಸೇತುವೆ ಇದೆ ಅಂತ ತುಂಗಭದ್ರೇಲಿ ಯಾರೂ ಈಜೋದು ಬಿಟ್ಟಿಲ್ವಲ್ಲ.

ನ್ಯಾಮತಿಯವರ ಮಾತು ಮಾತ್ರ ನಿಜವಾಗ್ಲೂ ಚುಚ್ಚಿತು: "ಇದೆಲ್ಲ ಬೆಂಗಳೂರಿನ ಇಂಗ್ಲಿಷ್ ಮೀಡಿಯಂನವರ ಆಟ." ಬೆಂಗಳೂರಲ್ಲಿ 2017ರಲ್ಲಿ ವಿಶ್ವ ಸುಡೊಕು ಚಾಂಪಿಯನ್‌ಶಿಪ್ ನಡೆದಿದ್ದು ಹೌದು, ಜೊತೆಗೇ ವಿಶ್ವ ಪಜಲ್ ಚಾಂಪಿಯನ್‌ಶಿಪ್ಪೂ. ಆದ್ರೆ ಸುಡೊಕು ಬೆಂಗಳೂರಿನದ್ದೂ ಅಲ್ಲ, ಇಂಗ್ಲಿಷಿನದ್ದೂ ಅಲ್ಲ. ಹೋವರ್ಡ್ ಗಾರ್ನ್ಸ್ ಅನ್ನೋ ಅಮೆರಿಕದವರದ್ದು, 1979ರಲ್ಲಿ ಅಚ್ಚಾಯ್ತು. 1984ರಲ್ಲಿ ಜಪಾನಿನ ನಿಕೋಲಿಯವರು ಅದನ್ನ ತಗೊಂಡು ಈ ಹೆಸರಿಟ್ರು. ಜಪಾನಿನವರು ಇಂಗ್ಲಿಷ್ ಕಲಿತು ಆಮೇಲೆ ಆಡ್ತೀವಿ ಅಂತ ಕಾಯಲಿಲ್ಲ. ಅದೇ ನಿಕೋಲಿಯವರ ನುರಿಕಾಬೆಯಲ್ಲಿ ಕರಿಮನೆಗಳೆಲ್ಲ ನೀರು, ಬಿಳಿಮನೆಗಳು ದ್ವೀಪ, ನೀರು ಎಲ್ಲೂ ತುಂಡಾಗಬಾರದು. ಈ ನಿಯಮವನ್ನ ಜಗಳೂರಿನವರಿಗೆ ನಾನು ವಿವರಿಸ್ಬೇಕಾ? ತುಂಗಭದ್ರೆಯಿಂದ 57 ಕೆರೆ ತುಂಬಿಸೋ ಯೋಜನೆಗೆ ವರ್ಷಗಟ್ಟಲೆ ಕಾದವರು ಅವರು. ಪೈಪ್ ಒಂದು ಕಡೆ ತುಂಡಾದ್ರೆ ಮುಂದಿನ ಕೆರೆಗೆ ಏನಾಗುತ್ತೆ ಅಂತ ಅವರೇ ನನಗೆ ಹೇಳಿಕೊಡ್ತಾರೆ.

ಇನ್ನು ಚೌಕ, ಮನೆ, ದಾಟು, ಅಡ್ಡಗಟ್ಟು. ಚೌಕಾಬಾರ, ಹುಲಿ-ಕುರಿ ಆಡಿದ ಅಜ್ಜಿಯರಿಗೆ ಈ ಮಾತೆಲ್ಲ ಹೊಸದಾ? ನಮ್ಮಜ್ಜಿ ಸಹಿ ಹಾಕೋದು ಕಲಿತಿದ್ದೇ ಅರವತ್ತರ ಮೇಲೆ. ಹುಲಿ-ಕುರಿಯಲ್ಲಿ ಸುಮ್ನೆ ಒಂದು ಕಾಯಿ ಇಟ್ಟರೆ "ಯಾಕೆ ಇಟ್ಟೆ ಹೇಳು" ಅಂತ ಕೈ ಹಿಡಿಯೋರು. ಹೇಳಕ್ಕಾಗ್ಲಿಲ್ಲ ಅಂದ್ರೆ ಕಾಯಿ ವಾಪಸ್.

ಹಾಗಾಗಿ ಇವತ್ತಿಂದ ಇಲ್ಲೂ ಅದೇ. ಸ್ಲೈಡ್ 4ರಲ್ಲಿ ಹೊಸ ಗ್ರಿಡ್ ಇದೆ. ಪೂರ್ತಿ ತುಂಬಿದ ಫೋಟೋ ಕಳಿಸ್ಬೇಡಿ, ಸ್ಟೋರಿಗೆ ಹಾಕಲ್ಲ. ಒಂದೇ ಒಂದು ಮನೆ ಆರಿಸ್ಕೊಳ್ಳಿ, ಅಲ್ಲಿ ಆ ಅಂಕಿ ಯಾಕೆ, ಬೇರೆ ಯಾವುದೂ ಯಾಕಲ್ಲ ಅಂತ ಕನ್ನಡದಲ್ಲಿ ಬರೀರಿ. ಎರಡು ಸಾಲು ಸಾಕು. ಚನ್ನಗಿರಿಯವರೇ, ನಿಮ್ಮ 6ಕ್ಕೂ ಇನ್ನೂ ಕಾಯ್ತಿದೀನಿ.

#ಕರಿಮನೆ #ಸುಡೊಕು #ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಜಗಳೂರು